ನಿಮ್ಮಿಷ್ಟ

“ಹೋಗಿದ್ದೆ ಕಣೋ ಶೀನ, ಡಾಕ್ಟ್ರ ಹತ್ರ,” ಅಂದರು ವೆಂಕಟರಾಯರು, ಬೆಂಚಿನ ಮೇಲೆ ಇನ್ನೂ ಪೂರ್ತಿ ಕೂತಿರಲಿಲ್ಲ. “ಕೋವಿಡ್ ಲಸಿಕೆ ಇನ್ನೊಂದು ಹಾಕಿಸ್ಕೊಳ್ಳಲೋ ಬೇಡ್ವೋ ಅಂತ ಕೇಳೋಕೆ.”

“ಏನಂದ್ರು?”

“ಕಂಪ್ಯೂಟರ್ ನೋಡ್ತಾ ನೋಡ್ತಾ, ‘ಹಾಕಿಸ್ಕೊಂಡ್ರೆ ಒಳ್ಳೇದು. ಹಾಕಿಸ್ಕೊಳ್ಳದೇ ಇದ್ರೆ... ನಿಮ್ಮಿಷ್ಟ’ ಅಂದ್ರು.”

ಶೀನಪ್ಪ ಛತ್ರಿಯ ತುದಿಯಿಂದ ನೆಲ ಕುಟ್ಟಿದ. “ಬಂತು ನೋಡಿ! ನಿಮ್ಮಿಷ್ಟ! ಫೀಸು ಎಷ್ಟು ಅಂತ ಕೇಳಿದ್ರಲ್ಲ ರಾಯರೇ, ಅದಕ್ಕೂ ನಿಮ್ಮಿಷ್ಟ ಅಂದ್ರಾ?”

“ಇಲ್ಲಪ್ಪ. ಅದನ್ನ ಒಳಗೆ ಬಿಡೋ ಮೊದಲೇ ಹೊರಗೆ ತಗೊಂಡಿದ್ರು.”

“ಅದೇ ಮತ್ತೆ. ದುಡ್ಡು ಅವರಿಷ್ಟ, ಜೀವ ನಮ್ಮಿಷ್ಟ. ಈಗ ಎಲ್ಲಿ ಹೋದ್ರೂ ಇದೇ ಒಂದು ಮಂತ್ರ ಶುರುವಾಗಿದೆ. 2021ರಲ್ಲಿ ಯಾವ ನರಪಿಳ್ಳೆಯಾದ್ರೂ ನಮ್ಮನ್ನ ನಿಮ್ಮಿಷ್ಟ ಅಂದಿತ್ತಾ? ಕರೆದ್ರು, ಸಾಲಲ್ಲಿ ನಿಲ್ಲಿಸಿದ್ರು, ತೋಳು ಮೇಲೇರಿಸಿ ಅಂದ್ರು, ಚುಚ್ಚಿದ್ರು, ಅರ್ಧ ಗಂಟೆ ಕೂತ್ಕೊಳ್ಳಿ ಅಂದ್ರು, ಕೂತ್ವಿ. ಮುಗೀತು. ಇಂಗ್ಲೆಂಡಿನಲ್ಲಿ 2020ರ ಡಿಸೆಂಬರ್ 8ನೇ ತಾರೀಖು 90 ವರ್ಷದ ಅಜ್ಜಿಗೆ ಮೊದಲ ಸೂಜಿ ಹಾಕಿದಾಗ ಲೋಕವೆಲ್ಲ ಟೀವಿ ಮುಂದೆ ಕೂತು ನೋಡ್ತು. ವಯಸ್ಸಾದವರು ಅಂದ್ರೆ ಮೊದಲ ಸಾಲು! ಮುಪ್ಪಿಗೆ ಅಷ್ಟು ಮರ್ಯಾದೆ ಅದಕ್ಕೂ ಮುಂಚೆ ಬಂದಿರಲಿಲ್ಲ, ಇನ್ನು ಬರೋದೂ ಇಲ್ಲ.”

“ಆಗ ತುರ್ತು ಇತ್ತು ಶೀನ,” ಅಂದರು ಮೇಷ್ಟ್ರು, ಬೆಂಚಿನ ಆ ತುದಿಯಿಂದ. “2023ರ ಮೇ 5ಕ್ಕೆ ವಿಶ್ವ ಆರೋಗ್ಯ ಸಂಸ್ಥೆಯವರು ತುರ್ತುಸ್ಥಿತಿ ಮುಗೀತು ಅಂದ್ರು.”

“ತುರ್ತು ಮುಗೀತು, ಸರಿ. ಕಾಯಿಲೆ?”

“ಅದು ಮುಗೀತು ಅಂತ ಯಾರೂ ಅನ್ನಲಿಲ್ಲ.”

“ಅದನ್ನ ಮಾತ್ರ ವೈರಸ್ಸಿನ ಇಷ್ಟಕ್ಕೆ ಬಿಟ್ರು ಅನ್ನಿ.”

ವೆಂಕಟರಾಯರು ಬೆರಳು ಮಡಿಸುತ್ತಿದ್ದರು. “ನಂದು ನಾಲ್ಕಾಗಿದೆ. ಈಗ ಹಾಕಿಸ್ಕೊಂಡ್ರೆ ಐದನೇದು.”

“ಮೂರು,” ಅಂದರು ಪದ್ಮಕ್ಕ. “ನಾಲ್ಕನೇದು ಅಂತ ನೀವು ಎಣಿಸ್ತಿರೋದು ಫ್ಲೂ ಇಂಜೆಕ್ಷನ್ನು.”

ಮೂವತ್ತೈದು ವರ್ಷ ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕಿ ನಿವೃತ್ತರಾದ ಮನುಷ್ಯ ತಮ್ಮ ತೋಳನ್ನೇ ಒಮ್ಮೆ ಮುಟ್ಟಿ ನೋಡಿಕೊಂಡರು, ಅಲ್ಲೆಲ್ಲಾದರೂ ರಸೀದಿ ಅಂಟಿಸಿದೆಯೇನೋ ಅನ್ನುವ ಹಾಗೆ.

“ಎಷ್ಟು ಅನ್ನೋದು ಈಗ ದೊಡ್ಡ ವಿಷಯ ಅಲ್ಲ ರಾಯರೇ,” ಅಂದರು ಮೇಷ್ಟ್ರು. “ಕೊನೇದು ಯಾವಾಗ ಅನ್ನೋದು ಮುಖ್ಯ. ತೀರಾ ವಯಸ್ಸಾದವರು, ವಯಸ್ಸಿನ ಜೊತೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರೋವರು ಆರು ತಿಂಗಳಿಗೋ ವರ್ಷಕ್ಕೋ ಒಂದು ಸಲ ಹಾಕಿಸ್ಕೊಳ್ಳಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಸೋಂಕು ಬರದ ಹಾಗೆ ತಡೆಯೋ ಶಕ್ತಿ ಕೆಲವೇ ತಿಂಗಳಿಗೆ ಇಳಿದುಹೋಗುತ್ತೆ. ಆಸ್ಪತ್ರೆ ಸೇರದ ಹಾಗೆ ಕಾಯೋದು ಅದಕ್ಕಿಂತ ಹೆಚ್ಚು ದಿನ ಇರುತ್ತೆ. ಆದ್ರೆ ಅದೂ ಸವೆಯುತ್ತೆ.”

ಸುಬ್ಬಣ್ಣನ ಮೊಬೈಲು ಅಷ್ಟರಲ್ಲಿ ಜೇಬಿನಿಂದ ಹೊರಗೆ ಬಂದಾಗಿತ್ತು. ಸುಬ್ಬಣ್ಣ ಒಬ್ಬನೇ ಮಾತಾಡುವುದಿಲ್ಲ. ಅವನ ಹಿಂದೆ ಯಾವಾಗಲೂ ವಾಟ್ಸಾಪ್ ಗುಂಪಿನ ಇನ್ನೂರೈವತ್ತಾರು ಜನ ಇರುತ್ತಾರೆ. “ಇಲ್ಲಿ ಬರೆದಿದ್ದಾರೆ ನೋಡಿ. ‘ಪದೇ ಪದೇ ಹಾಕಬೇಕಾದದ್ದು ಲಸಿಕೆಯೇ ಅಲ್ಲ. ಸಿಡುಬಿನ ಲಸಿಕೆ ಒಂದೇ ಸಲ, ಸಾಯುವತನಕ.’ ಹದಿನೇಳು ಜನ ಕೈ ಮುಗಿದಿದ್ದಾರೆ.”

“ಆ ಹದಿನೇಳು ಜನರಲ್ಲಿ ಸಿಡುಬಿನ ಲಸಿಕೆ ಕಂಡುಹಿಡಿದ ಜೆನ್ನರ್ ಕೂಡ ಇರಬೇಕು,” ಅಂದರು ಮೇಷ್ಟ್ರು. “ಅವನೂ ಹಾಗೇ ನಂಬಿದ್ದ. ತಪ್ಪು ಅಂತ ಆಮೇಲೆ ಗೊತ್ತಾಯ್ತು. 1874ರಲ್ಲಿ ಜರ್ಮನಿಯವರು ಕಾನೂನೇ ಮಾಡಿದ್ರು, ಮಗುವಾಗಿದ್ದಾಗ ಒಂದು ಸಲ, ಹನ್ನೆರಡು ತುಂಬೋ ವರ್ಷ ಇನ್ನೊಂದು ಸಲ.”

“ಕಾನೂನು! ಕೇಳಿಸ್ತಾ?” ಶೀನಪ್ಪ ಎದ್ದೇ ನಿಂತ. “ನಿಮ್ಮಿಷ್ಟ ಅಲ್ಲ, ಕಾನೂನು. ಅಷ್ಟೇ ಯಾಕೆ, 1796ರ ಮೇ 14ರಂದು ಆ ಜೆನ್ನರ್ ಎಂಟು ವರ್ಷದ ಹುಡುಗನಿಗೆ, ತೋಟದ ಮಾಲಿಯ ಮಗನಿಗೆ, ಹಸುವಿನ ಸಿಡುಬಿನ ಕೀವು ಹಚ್ಚಿದನಲ್ಲ, ‘ಮಗೂ, ನಿನ್ನಿಷ್ಟ’ ಅಂದನಾ? ಅಂದಿದ್ರೆ ಏನಾಗ್ತಿತ್ತು? ಎಂಟು ವರ್ಷದ ಹುಡುಗನ ಇಷ್ಟ ಏನಿರುತ್ತೆ, ಬೇಲಿ ಹಾರಿ ಓಡೋದು! ಹುಡುಗ ಓಡಿಹೋಗ್ತಿದ್ದ, ಸಿಡುಬು ಇಲ್ಲೇ ಉಳೀತಿತ್ತು.”

“ಆದ್ರೆ ಆ ಹುಡುಗ ದೊಡ್ಡವನಾದ ಮೇಲೆ ಜೆನ್ನರ್ ಅವನಿಗೆ ಬಾಡಿಗೆ ಇಲ್ಲದೆ ಒಂದು ಮನೆ ಕೊಟ್ಟ,” ಅಂದರು ಮೇಷ್ಟ್ರು.

“ಮನೆ! ನಮಗೆ?”

“ನಮಗೆ ಸರ್ಟಿಫಿಕೇಟು.”

ಎಲ್ಲರೂ ನಕ್ಕರು. ಸುಬ್ಬಣ್ಣ ಮಾತ್ರ ಪಟ್ಟು ಬಿಡಲಿಲ್ಲ. “ಹಾಗಾದ್ರೆ ದಡಾರಕ್ಕೆ? ಚಿಕ್ಕಂದಿನಲ್ಲಿ ಹಾಕಿದ್ರೆ ಆಯ್ತಲ್ಲ?”

“ದಡಾರ ಮೈಯೊಳಗೆ ಹೊಕ್ಕು ಹೊರಗೆ ಕಾಣಿಸ್ಕೊಳ್ಳೋಕೆ ಹತ್ತು ಹನ್ನೆರಡು ದಿನ ಬೇಕಪ್ಪ. ಅಷ್ಟರೊಳಗೆ ಮೈಗೆ ಹಳೇ ಪಾಠ ನೆನಪು ಮಾಡ್ಕೊಳ್ಳೋಕೆ ಪುರುಸೊತ್ತು ಸಿಗುತ್ತೆ. ಈ ಕೋವಿಡ್ಡು ಈಗ ಮೂರೇ ದಿನಕ್ಕೆ ಎದ್ದು ಕೂರುತ್ತೆ. ಪುಸ್ತಕ ತೆಗೆಯೋದರೊಳಗೆ ಪರೀಕ್ಷೆ. ಅದರ ಮೇಲೆ ಪಠ್ಯವನ್ನೂ ಬದಲಾಯಿಸ್ಕೊಂಡು ಬರುತ್ತೆ.”

“ಮೇಷ್ಟ್ರೇ, ಕನ್ನಡಕ ಎಲ್ಲಿಟ್ಟೆ ಅನ್ನೋದು ನೆನಪಾಗೋಕೇ ನನಗೆ ಸಂಜೆ ಆಗುತ್ತೆ,” ಅಂದ ಶೀನಪ್ಪ. “ ಮೂರು ದಿನದಲ್ಲಿ ನನ್ನ ಮೈ ಏನು ನೆನಪು ಮಾಡ್ಕೊಳ್ಳುತ್ತೆ ಹೇಳಿ. ಆ ಪಠ್ಯದ ಹೆಸರುಗಳೋ! ಮೊದಲು ಆಲ್ಫಾ, ಬೀಟಾ, ಡೆಲ್ಟಾ ಅಂತ ಮಕ್ಕಳಿಗಿಟ್ಟ ಹಾಗೆ ಮುದ್ದಾಗಿ ಇಟ್ರು. ಓಮಿಕ್ರಾನ್‌ಗೆ ಬರೋ ಹೊತ್ತಿಗೆ ಸುಸ್ತಾಗಿ ನಂಬರ್ ಪ್ಲೇಟ್ ಹಾಕೋಕೆ ಶುರು. 2023ರ ಲಸಿಕೆ ಎಕ್ಸ್‌ಬಿಬಿ.1.5ಕ್ಕೆ, 2024ರದ್ದು ಜೆಎನ್.1ಕ್ಕೆ, 2025ರದ್ದು ಎಲ್‌ಪಿ.8.1ಕ್ಕೆ. ರಸ್ತೆಯಲ್ಲಿ ಗುದ್ದಿ ಓಡಿಹೋದ್ರೆ ನಂಬರ್ ಬರ್ಕೊಳ್ಳಬಹುದು, ಅಷ್ಟೇ ಉಪಯೋಗ.”

“ನನಗೆ ಹೆದರಿಕೆ ಅದಲ್ಲ,” ಅಂದ ಸುಬ್ಬಣ್ಣ. “ಸೈಡ್ ಎಫೆಕ್ಟು. ಹೋದ ಸಲ ಮೂರು ದಿನ ತಲೆನೋವು, ಮೈಕೈ ನೋವು.”

“ಲಸಿಕೆಗೆ ಜ್ವರ, ನೋವು ಬರೋದುಂಟು,” ಅಂದರು ಮೇಷ್ಟ್ರು. “ಅಪರೂಪಕ್ಕೆ ದೊಡ್ಡ ತೊಂದರೆಯೂ ಆಗಿದೆ. ಎಂಆರ್‌ಎನ್‌ಎ ಲಸಿಕೆ ಆದ ಮೇಲೆ ಹೃದಯದ ಸ್ನಾಯು ಊದಿಕೊಂಡ ಪ್ರಕರಣ ಇವೆ, ಹೆಚ್ಚಾಗಿ ಹರೆಯದ ಹುಡುಗರಲ್ಲಿ.”

“ಸುಬ್ಬಣ್ಣ, ಹರೆಯದ ಹುಡುಗರಲ್ಲಿ ಅಂದ್ರು. ನೀನು ಪಾರು,” ಅಂದ ಶೀನಪ್ಪ.

“ಇನ್ನೊಂದು ತಮಾಷೆ ಇದೆ. ಲಸಿಕೆಯ ಪ್ರಯೋಗದಲ್ಲಿ ಕೆಲವರಿಗೆ ಲಸಿಕೆ, ಕೆಲವರಿಗೆ ಬರೀ ಉಪ್ಪುನೀರು ಚುಚ್ತಾರೆ, ಯಾರಿಗೆ ಯಾವುದು ಅಂತ ಹೇಳಲ್ಲ. ಅಂಥ ಹನ್ನೆರಡು ಪ್ರಯೋಗ ಒಟ್ಟು ಹಾಕಿ 2022ರಲ್ಲಿ ಲೆಕ್ಕ ನೋಡಿದ್ರು. ಮೊದಲ ಡೋಸ್ ಆದ ಮೇಲೆ ಉಪ್ಪುನೀರಿನವರಲ್ಲೇ ನೂರಕ್ಕೆ 35 ಜನ ತಲೆನೋವು, ಸುಸ್ತು, ಹೀಗೆ ಏನಾದ್ರೂ ಒಂದು ಆಯ್ತು ಅಂದಿದ್ರು.”

“ಸುಬ್ಬಣ್ಣನಿಗೆ ನೀರೂ ಬೇಡ ಮೇಷ್ಟ್ರೇ. ಅವನು ಮೆಸೇಜ್ ಓದಿದ್ರೇ ಜ್ವರ ಏರುತ್ತೆ.”

ವೆಂಕಟರಾಯರು ಎದೆ ಸೆಟೆಸಿದರು. “ನನಗಂತೂ ಏನೂ ಆಗಲಿಲ್ಲ. ಸೊಸೆ ಎರಡು ದಿನ ಮಲಗಿದ್ಲು. ನಾನು ಅವತ್ತೇ ಸಂಜೆ ವಾಕಿಂಗ್ ಬಂದೆ. ಹಳೇ ಕಾಲದ ಮೈ!”

ಮೇಷ್ಟ್ರು ಸ್ವಲ್ಪ ಹೊತ್ತು ಹೇಳಲೋ ಬೇಡವೋ ಅಂತ ನೋಡಿದರು. “ರಾಯರೇ, ತಪ್ಪು ತಿಳೀಬೇಡಿ. ವಯಸ್ಸಾದ ಮೈ ಅಷ್ಟಾಗಿ ಕೂಗಾಡಲ್ಲ, ಅದಕ್ಕೇ ನಮ್ಮಂಥವರಿಗೆ ನೋವು ಜ್ವರ ಕಮ್ಮಿ. ಎದೆಮೂಳೆ ಹಿಂದೆ ಥೈಮಸ್ ಅಂತ ಒಂದು ಗ್ರಂಥಿ ಇದೆ. ರೋಗದ ಜೊತೆ ಹೋರಾಡೋ ಟಿ ಜೀವಕೋಶಗಳಿಗೆ ಅಲ್ಲೇ ಪಾಠ. ಹರೆಯ ಬಂದಾಗಿನಿಂದ ಅದು ಕುಗ್ತಾ ಬರುತ್ತೆ. ನಮ್ಮ ವಯಸ್ಸಿಗೆ ಬಹುಪಾಲು ಕೊಬ್ಬು.”

“ಅಂದ್ರೆ ಶಾಲೆ ಮುಚ್ಚಿದೆ,” ಅಂದ ಶೀನಪ್ಪ.

“ಹೊಸ ಮಕ್ಕಳು ಸೇರೋದು ಹತ್ತಿರ ಹತ್ತಿರ ನಿಂತ ಹಾಗೇ. ಹಳೇ ವಿದ್ಯಾರ್ಥಿಗಳು ಇದ್ದಾರೆ. ಅವರಿಗೇ ವರ್ಷಕ್ಕೊಂದು ಸಲ ತರಬೇತಿ ಶಿಬಿರ ಮಾಡಬೇಕು.”

ರಾಯರ ಎದೆ ಮೆಲ್ಲಗೆ ಮೊದಲಿನ ಜಾಗಕ್ಕೆ ಬಂತು. ಪದ್ಮಕ್ಕ ಗಂಡನ ಭುಜದ ಮೇಲಿನ ಇಲ್ಲದ ಧೂಳು ಕೊಡವಿದರು.

ಸುಮ್ಮನಿರುವುದು ಶೀನಪ್ಪನಿಗೆ ಆಗದ ಕೆಲಸ. “ಬ್ರಿಟನ್ನಿನವರ ಕಥೆ ಕೇಳಿ. 2022ರ ಚಳಿಗಾಲಕ್ಕೆ ಮುಂಚೆ 50 ದಾಟಿದೋರು ಬನ್ನಿ ಅಂದ್ರು. ಮರುವರ್ಷ 65 ಅಂದ್ರು. 2025ಕ್ಕೆ 75. ನಾವು ವಯಸ್ಸಾಗೋ ವೇಗಕ್ಕಿಂತ ಅವರ ಗೆರೆ ಬೇಗ ಓಡ್ತಿದೆ! ನನಗೆ 72. ಆ ಗೆರೆ ಹಿಡಿಯೋಕೆ ನಾನು ಓಡಬೇಕು, ಓಡೋಕೆ ಮಂಡಿ ಬೇಕು.”

“ಅಮೆರಿಕದವರು?”

“ಅವರು 2025ರಲ್ಲಿ ‘ಡಾಕ್ಟರ ಜೊತೆ ಮಾತಾಡಿ ಒಬ್ಬೊಬ್ಬರೂ ತಂತಮ್ಮ ತೀರ್ಮಾನ ಮಾಡಿ’ ಅಂದ್ರು. ಅಂದ್ರೆ ರಾಯರ ಡಾಕ್ಟ್ರು ಸಾಮಾನ್ಯದವರಲ್ಲ. ಅವರ ನಿಮ್ಮಿಷ್ಟ ಈಗ ಸರ್ಕಾರಿ ಭಾಷೆ.”

“ಯಾವ ತೋಳಿಗೆ ಹಾಕಿಸ್ಕೊಳ್ಳಬೇಕು ಅನ್ನೋದರಲ್ಲೂ ಗಲಾಟೆಯಂತೆ?” ಅಂದ ಸುಬ್ಬಣ್ಣ.

“ಆ ಗಲಾಟೆ ನಿಜ,” ಅಂದರು ಮೇಷ್ಟ್ರು. “2023ರಲ್ಲಿ ಜರ್ಮನಿಯವರು, ಮೊದಲು ಹಾಕಿದ ತೋಳಿಗೇ ಎರಡನೇದೂ ಹಾಕಿದ್ರೆ ಮೇಲು ಅಂದ್ರು. 2024ರಲ್ಲಿ ಅಮೆರಿಕದವರು, ಇಲ್ಲ, ತೋಳು ಬದಲಾಯಿಸಿದ್ರೆ ಮೇಲು ಅಂದ್ರು.”

“ನೋಡಿದ್ರಾ, ವಿಜ್ಞಾನವೂ ಕೊನೆಗೆ ನಿಮ್ಮಿಷ್ಟ ಅಂತು.” ಶೀನಪ್ಪ ಕೂತ. “ನಿಮ್ಮಿಷ್ಟದಲ್ಲಿ ಬಗೆಗಳಿವೆ ರಾಯರೇ. ಡಾಕ್ಟ್ರ ನಿಮ್ಮಿಷ್ಟ ಅಂದ್ರೆ, ನಾಳೆ ಹೆಚ್ಚುಕಮ್ಮಿ ಆದ್ರೆ ನನ್ನ ಕೇಳಬೇಡಿ. ಮಗ ಫೋನಲ್ಲಿ ‘ನಿಮ್ಮಿಷ್ಟ ಅಪ್ಪಾ’ ಅಂದ್ರೆ, ನನಗೆ ಮೀಟಿಂಗ್ ಇದೆ, ಇಡ್ತೀನಿ. ಹೆಂಡತಿ ಅನ್ನೋ ನಿಮ್ಮಿಷ್ಟವೇ ಬೇರೆ. ಆ ‘ಷ್ಟ’ದ ಒತ್ತಕ್ಷರದ ಮೇಲೆ ಎಷ್ಟು ಒತ್ತು ಬಿತ್ತು ಅಂತ ನೋಡ್ಕೊಂಡು ಗಂಡಸು ಹೆಜ್ಜೆ ಇಡಬೇಕು.”

“ಮದುವೆಯಾದ ಮೇಲೆ ನಾನು ಇವರಿಗೆ ನಿಮ್ಮಿಷ್ಟ ಅಂದಿರೋದು ಮೂರೇ ಸಲ,” ಅಂದರು ಪದ್ಮಕ್ಕ. “ಮೂರು ಸಲವೂ ನನ್ನಿಷ್ಟವೇ ಆಯ್ತು.”

“ಇದಕ್ಕೆ ಏನಂದೆ ನೀನು?” ಅಂದರು ರಾಯರು, ಗಾಬರಿಯಾಗಿ. “ಲಸಿಕೆಗೆ?”

“ಬೆಳಿಗ್ಗೆಯೇ ಹೇಳಿದ್ನಲ್ಲ, ಸೋಮವಾರ ಹತ್ತು ಗಂಟೆಗೆ ಹೋಗೋಣ ಅಂತ. ನಿಮಗೆ 76, ಸಕ್ಕರೆ ಬೇರೆ. ಅದರಲ್ಲಿ ನಿಮ್ಮಿಷ್ಟ ಏನು ಬಂತು?”

ರಾಯರ ಮುಖದ ಮೇಲೆ ಡಾಕ್ಟರು ಕೊಡಲಾರದಿದ್ದ ನೆಮ್ಮದಿ ಹರಡಿತು.

“ಮೇಷ್ಟ್ರೇ,” ಅಂದ ಸುಬ್ಬಣ್ಣ, “ನಮಗೆಲ್ಲ ಪಾಠ ಹೇಳಿದ್ರಿ. ನೀವು ಹಾಕಿಸ್ಕೊಂಡ್ರಾ?”

ಮೇಷ್ಟ್ರು ಎಡತೋಳಿನ ಗುಂಡಿ ಬಿಚ್ಚಿ ಮಡಿಸಿದರು. ಬೇಕೆಂದು ಮಾಡಿದ್ದಲ್ಲ, ಕೈ ತಾನಾಗಿ ಮಾಡಿತು. ಮೇಲೆ ಸಿಡುಬಿನ ಲಸಿಕೆಯ ಹಳೆ ಕಲೆ, ದುಂಡಗೆ, ಚರ್ಮ ಸಡಿಲವಾದಂತೆ ಅದೂ ಸ್ವಲ್ಪ ಸೊಟ್ಟಗಾಗಿತ್ತು. “ಇದು ಯಾರು ಹಾಕಿಸಿದ್ದೋ ನೆನಪಿಲ್ಲ. ಅಮ್ಮ ಗಟ್ಟಿಯಾಗಿ ಹಿಡ್ಕೊಂಡಿದ್ಲಂತೆ.” ಆಮೇಲೆ ಅಂದರು, “ಕೋವಿಡ್ಡಿದ್ದು ಇವಳಿದ್ದಾಗ ಹಾಕಿಸ್ಕೊಂಡಿದ್ದೇ ಕೊನೆ. ಮೂರು ವರ್ಷದ ಮೇಲಾಯ್ತು.”

“ಅದೇ ಮೇಷ್ಟ್ರೇ, ನಿಮ್ಮ ಮನೆಯವರು ಹೋಗಿದ್ದು ಆ ಇಂಜೆಕ್ಷನ್...”

“ಸುಬ್ಬಣ್ಣ.” ಮೇಷ್ಟ್ರ ದನಿ ತರಗತಿಯ ದನಿಯಾಯಿತು. “ಅವಳಿಗೆ ಹತ್ತು ವರ್ಷದಿಂದ ಕಿಡ್ನಿ ತೊಂದರೆ ಇತ್ತು. ಹೋಗಿದ್ದು ಅದಕ್ಕೆ. ಅದನ್ನ ನಿನ್ನ ಮೊಬೈಲಿಗೆ ಹಾಕಬೇಡ.”

ಸುಬ್ಬಣ್ಣ ಮೊಬೈಲನ್ನು ಬೋರಲಾಗಿ ತೊಡೆಯ ಮೇಲಿಟ್ಟ.

“ಚುಚ್ಚಿದ ಮೇಲೆ ಅರ್ಧ ಗಂಟೆ ಕೂರಿಸ್ತಾರಲ್ಲ, ಏನಾದ್ರೂ ಆಗುತ್ತೇನೋ ನೋಡೋಕೆ. ಮೊದಲ ಸಲ ಕುರ್ಚಿಗಳನ್ನ ದೂರ ದೂರ ಇಟ್ಟಿದ್ರು. ಅವಳು ಅಲ್ಲಿಂದ ‘ಕೈ ನೋಯ್ತಿದ್ಯಾ?’ ಅಂತ ಸನ್ನೆ ಮಾಡಿದ್ಲು. ನಾನು ಇಲ್ಲ ಅಂದೆ. ಎರಡು ನಿಮಿಷ ಆದ ಮೇಲೆ ಮತ್ತೆ ಕೇಳಿದ್ಲು. ನಾನು ಗಡಿಯಾರ ತೋರಿಸ್ದೆ. ಮಾಸ್ಕಿನೊಳಗೆ ನಕ್ಕಳು ಅನ್ಸುತ್ತೆ, ಕಣ್ಣು ಸಣ್ಣದಾಯ್ತು. ಕಳೆದ ವರ್ಷ ನಾನೊಬ್ಬನೇ ಹೋಗಿದ್ದೆ. ಬಾಗಿಲ ತನಕ ಹೋದೆ. ಒಳಗೆ ಗೋಡೆಗೆ ಹಾಕಿದ್ದ ಖಾಲಿ ಕುರ್ಚಿ ಸಾಲು ಕಾಣಿಸ್ತು. ಅರ್ಧ ಗಂಟೆ ಏನು ಮಾಡೋದು ಅನ್ನಿಸಿ ವಾಪಸ್ ಬಂದೆ.”

ಯಾರೂ ಮಾತಾಡಲಿಲ್ಲ. ಎದುರಿನ ದೀಪದ ಕಂಬ ಎರಡು ಸಲ ಮಿಣುಕಿ ಹತ್ತಿಕೊಂಡಿತು.

“ಮಗಳನ್ನ ಕೇಳಿದೆ,” ಅಂದರು ಮೇಷ್ಟ್ರು. “ನಿಮ್ಮಿಷ್ಟ ಅಪ್ಪಾ ಅಂದ್ಲು. ಒಳ್ಳೇ ಮನಸ್ಸಿಂದಲೇ ಅಂದ್ಲು.”

ಶೀನಪ್ಪ ಛತ್ರಿಯ ಪಟ್ಟಿಯನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. “ಸೋಮವಾರ ಒಂಬತ್ತೂವರೆಗೆ ರೆಡಿಯಾಗಿರಿ.”

“ಎಲ್ಲಿಗೆ?”

“ರಾಯರು, ಪದ್ಮಕ್ಕ, ನಾನು, ನೀವು. ಸುಬ್ಬಣ್ಣನೂ ಬರ್ತಾನೆ, ಅವನಿಗೆ ಉಪ್ಪುನೀರು ಕೊಡಿಸೋಣ.”

“ನನ್ನ ಒಂದು ಮಾತು ಕೇಳ್ದೇ...”

“ಕೇಳಲ್ಲ. ಅರ್ಧ ಗಂಟೆ ಪಕ್ಕದ ಕುರ್ಚಿಯಲ್ಲಿ ನಾನು ಕೂತು ಕೈ ನೋಯ್ತಿದ್ಯಾ ಅಂತ ತಲೆ ತಿಂತೀನಿ. ಅದಕ್ಕೂ ನಿಮ್ಮ ಒಪ್ಪಿಗೆ ಕೇಳಲ್ಲ.”

ಮೇಷ್ಟ್ರು ಮಡಿಸಿದ ತೋಳನ್ನು ಇಳಿಸಿ ಗುಂಡಿ ಹಾಕಿಕೊಳ್ಳತೊಡಗಿದರು. ಅದು ಬೇಗ ಬೀಳಲಿಲ್ಲ. ಕತ್ತಲಲ್ಲಿ ಕಾಜ ಹುಡುಕುತ್ತಲೇ ಕೇಳಿದರು, “ಹಾಗಾದ್ರೆ ಯಾವ ತೋಳಿಗೆ ಹಾಕಿಸ್ಕೊಳ್ಳೋದು ಶೀನ, ಎಡಕ್ಕೋ ಬಲಕ್ಕೋ?”

“ಅದು ಬೇಕಾದ್ರೆ,” ಅಂದ ಶೀನಪ್ಪ ಏಳುತ್ತಾ, “ನಿಮ್ಮಿಷ್ಟ.”