ಅಮ್ಮನ ಡೋಲೋ ಜರ್ಮನಿಯಲ್ಲಿ ಸಿಗುತ್ತಾ?

ಡೊಂಬಿವಲಿಯ ಅಕ್ಕ ಕೇಳಿದ್ದು: ಮುಂದಿನ ತಿಂಗಳು ಅಮ್ಮ ಮ್ಯೂನಿಕ್‌ನಲ್ಲಿರುವ ತಂಗಿ ಮನೆಗೆ ಹೊರಟಿದ್ದಾರೆ. ಮಂಡಿ ನೋವು ಜಾಸ್ತಿಯಾದರೆ ಡೋಲೋ 650 ತಗೊಳ್ಳುತ್ತಾರೆ. ಅಲ್ಲಿ ಸಿಗುತ್ತಾ, ಇಲ್ಲಿಂದಲೇ ಒಯ್ಯಬೇಕಾ?

ಪುಣೆಯಿಂದ:
ಇಲ್ಲಿಂದಲೇ ಕಳಿಸಿ ಅಕ್ಕಾ. ಹೋದ ವರ್ಷ ನಾವು ಅತ್ತೆಯನ್ನು ಕರೆದುಕೊಂಡು ಫ್ರಾಂಕ್‌ಫರ್ಟ್‌ಗೆ ಹೋಗಿದ್ದೆವು. ಭಾನುವಾರ ಬೆಳಿಗ್ಗೆ ಅವರಿಗೆ ತಲೆ ಸಿಡಿಯೋಕೆ ಶುರುವಾಯಿತು, ಮೈ ಬೇರೆ ಬಿಸಿ. ನಮ್ಮ ಕೋಥ್ರೂಡ್‌ನಲ್ಲಾದರೆ ಮೆಟ್ಟಿಲಿಳಿದರೆ ಮೆಡಿಕಲ್. ಅಲ್ಲಿ ಸೂಪರ್‌ಮಾರ್ಕೆಟ್‌ನಲ್ಲಿ ಪ್ಯಾರಾಸಿಟಮಾಲ್ (ಡೋಲೋದಲ್ಲಿರೋ ಔಷಧಿ ಅದೇ) ಮಾರೋದೇ ಇಲ್ಲ, ಅಪೊಟೆಕೆ ಅನ್ನೋ ಔಷಧಿ ಅಂಗಡಿಗೇ ಹೋಗಬೇಕು, ಅದೂ ಭಾನುವಾರ ಮುಚ್ಚಿರುತ್ತೆ. ಆದರೆ ಆವತ್ತು ಸುತ್ತಮುತ್ತ ಯಾವ ಅಂಗಡಿಯ ಸರದಿ ಅಂತ ಬಾಗಿಲಲ್ಲೇ ಬರೆದು ಹಾಕಿರುತ್ತಾರೆ. ಅದನ್ನು ನೋಡಿ ಟ್ರಾಮ್ ಹಿಡಿದು ಹೋಗಿ ಬೆಲ್ ಒತ್ತಿದೆ, ಬಾಗಿಲಲ್ಲಿದ್ದ ಪುಟ್ಟ ಕಿಟಕಿ ತೆರೆಯಿತು. ಡೋಲೋ ಅಂದೆ, ಆಕೆಗೆ ಅರ್ಥವಾಗಲಿಲ್ಲ. ಪರ್ಸಿನಲ್ಲಿದ್ದ ಖಾಲಿ ಸ್ಟ್ರಿಪ್ ತಿರುಗಿಸಿ ಸಣ್ಣಕ್ಷರದಲ್ಲಿದ್ದ ಪ್ಯಾರಾಸಿಟಮಾಲ್ ಅನ್ನೋ ಹೆಸರಿನ ಮೇಲೆ ಬೆರಳಿಟ್ಟೆ. ತಕ್ಷಣ 20 ಮಾತ್ರೆಯ ಡಬ್ಬಿ ಕೊಟ್ಟರು, ಚೀಟಿ ಕೇಳಲಿಲ್ಲ. ಒಂದೊಂದೂ 500 ಎಂಜಿ, 650 ಅಲ್ಲ. ಎಷ್ಟು ತಗೋಬೇಕು ಅಂತ ಅಮ್ಮನ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಮತ್ತೆ, ಇಲ್ಲಿ ತಗೊಳ್ಳುವಾಗ ಇಡೀ ಸ್ಟ್ರಿಪ್ ತಗೊಳ್ಳಿ. ಮೆಡಿಕಲ್‌ನವರು ಆರು ಮಾತ್ರೆ ಕತ್ತರಿಸಿ ಕೊಟ್ಟರೆ ಹೆಸರು, ಎಕ್ಸ್‌ಪೈರಿ ಎರಡೂ ಅವರ ತುಂಡಿನಲ್ಲೇ ಉಳಿದುಬಿಡುತ್ತೆ.

ಮಾಟುಂಗಾದಿಂದ:
ಅಮೆರಿಕಕ್ಕೆ ಹೋಗುವವರಿಗೆ ಒಂದು ಮಾತು. ಅಲ್ಲಿ ಪ್ಯಾರಾಸಿಟಮಾಲ್ ಅಂದರೂ ಎಷ್ಟೋ ಜನಕ್ಕೆ ಗೊತ್ತಾಗಲ್ಲ. ಅಸಿಟಮಿನೊಫೆನ್ ಅನ್ನಬೇಕು. ಟೈಲೆನಾಲ್ ಅಂದರೂ ಅದೇ. ಭಯ ಇರೋದು ಶೀತದ ಔಷಧಿಯಲ್ಲಿ. ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿ ನಮ್ಮ ಯಜಮಾನರು ಶೀತಕ್ಕೆ ಅಂತ ಸಿರಪ್ ಕುಡಿದು, ಮೈಕೈ ನೋವಿಗೆ ಅಂತ ಟೈಲೆನಾಲ್ ಕೈಗೆತ್ತಿಕೊಂಡಿದ್ದರು. ಮಗಳು ಬಾಟಲಿ ಕಿತ್ತುಕೊಂಡು ಓದಿದರೆ ಸಿರಪ್‌ನಲ್ಲೂ ಅದೇ ಅಸಿಟಮಿನೊಫೆನ್! ಆರೋಗ್ಯವಾಗಿರುವ ದೊಡ್ಡವರೂ ದಿನಕ್ಕೆ ಒಟ್ಟು 4 ಗ್ರಾಂ ದಾಟಬಾರದು, ಲಿವರ್‌ಗೆ ಪೆಟ್ಟು ಬೀಳುತ್ತೆ. ವಯಸ್ಸಾದವರಿಗೆ ಡಾಕ್ಟರು ಇನ್ನೂ ಕಮ್ಮಿ ಹೇಳಬಹುದು. ದಯವಿಟ್ಟು ಲೇಬಲ್ ಓದಿ.

ಮಡಗಾಂವ್‌ನಿಂದ:
ದುಬೈಯಲ್ಲಿ ಪನಡಾಲ್ ಅಂತ ಕೇಳಿ, ಅದೂ ಪ್ಯಾರಾಸಿಟಮಾಲೇ, ಸಲೀಸಾಗಿ ಸಿಗುತ್ತೆ. ಆದರೆ ಟ್ರಾಮಡಾಲ್, ಕೋಡೀನ್ ಇರುವ ನೋವಿನ ಮಾತ್ರೆಯನ್ನು ಅಲ್ಲಿಯ ಸರ್ಕಾರದ ಅನುಮತಿ ಇಲ್ಲದೆ ಒಯ್ಯಲೇಬೇಡಿ, ಚಿಕ್ಕ ವಿಷಯ ಅಲ್ಲ ಅದು. ಅಕ್ಕಾ, ಅಮ್ಮ ಮಂಡಿಗೆ ಡೋಲೋ ಬಿಟ್ಟು ಬೇರೆ ಏನಾದರೂ ತಗೊಳ್ಳುತ್ತಾರಾ? ಸ್ಟ್ರಿಪ್ ಮೇಲೆ ಸಣ್ಣಕ್ಷರದಲ್ಲಿ ಏನಿದೆ ನೋಡಿ ಬರೆಯಿರಿ.