ಕಸಿ ಚಾಕುವಿನ ತೆಳು ತಟ್ಟೆಗಳನ್ನು ಹಿಡಿಯುವ ಫಿಕ್ಸ್ಚರ್: ಗದಗಿನ ಗೆಳೆಯರ ಪ್ರಶ್ನೆಗೆ ನಮ್ಮ ಅನುಭವ

ಗದಗಿನಲ್ಲಿ ಒಂದೇ ವಿಎಂಸಿ (ಕಂಪ್ಯೂಟರ್ ನಿಯಂತ್ರಿತ ಮಿಲ್ಲಿಂಗ್ ಯಂತ್ರ) ಇಟ್ಟುಕೊಂಡು ವರ್ಕ್‌ಶಾಪ್ ನಡೆಸುವ ಗೆಳೆಯರೊಬ್ಬರು ಸಲಹೆ ಕೇಳಿದ್ದಾರೆ. ಮಾವಿನ ಸಸಿಗಳಿಗೆ ಕಸಿ ಕಟ್ಟುವವರು ಬಳಸುವ ಮಡಚುವ ಚಾಕುವನ್ನು ಅವರು ಸಣ್ಣ ಪ್ರಮಾಣದಲ್ಲಿ ತಯಾರಿಸಬೇಕಾಗಿದೆ. ಹಿಡಿಕೆಯ ಒಳಗಿನ ಎರಡು ಲೈನರ್ ತಟ್ಟೆಗಳು 1.5 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಸ್ಟೀಲಿನವು; ಅಲಗು 2.5 ಮಿ.ಮೀ. ದಪ್ಪದ್ದು. ವೈಸ್‌ನಲ್ಲಿ ಬಿಗಿದರೆ ತಟ್ಟೆ ಬಿಲ್ಲಿನಂತೆ ಬಾಗುತ್ತದೆ, ಸಡಿಲ ಬಿಟ್ಟರೆ ಕಟರ್ ಜಾಬನ್ನೇ (ಕತ್ತರಿಸುತ್ತಿರುವ ಭಾಗವನ್ನೇ) ಎತ್ತಿಕೊಂಡು ಹೋಗುತ್ತದೆ, ಹಾಗಾದರೆ ಎಂಥ ಕ್ಲಾಂಪ್ ಬಳಸಬೇಕು ಎಂಬುದು ಅವರ ಪ್ರಶ್ನೆ. ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಟೂಲ್‌ರೂಮ್ ಕೆಲಸ ಮಾಡುವವನು. ನನ್ನ ಅನುಭವದ ಜೊತೆಗೆ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಇಬ್ಬರು ಸಹೋದ್ಯೋಗಿಗಳು ಹೇಳಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಕ್ಲಾಂಪ್ ಯಾವುದೆಂಬುದನ್ನು ಸದ್ಯಕ್ಕೆ ಬದಿಗಿಟ್ಟು, ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಇಷ್ಟು ಸಣ್ಣ ಭಾಗಗಳಲ್ಲಿ ಅವನ್ನು ಹಿಡಿಯುವ ಸಾಧನವಾದ ಫಿಕ್ಸ್ಚರ್‌ನ ರೂಪವನ್ನು ಆ ಕ್ರಮವೇ ನಿರ್ಧರಿಸುತ್ತದೆ. ತಟ್ಟೆಯ ದಪ್ಪ ಅರ್ಧಕ್ಕೆ ಇಳಿದರೆ ಬಾಗುವಿಕೆಯನ್ನು ತಡೆಯುವ ಅದರ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಪಕ್ಕದಿಂದ ಒತ್ತುವ ಯಾವ ವೈಸ್ ಆದರೂ, ಅದು ಎಷ್ಟೇ ಬೆಲೆಬಾಳುವುದಾದರೂ, 1.5 ಮಿ.ಮೀ. ತಟ್ಟೆಗೆ ತಕ್ಕುದಲ್ಲ. ಒತ್ತಡ ಮೇಲಿನಿಂದ ಕೆಳಕ್ಕೆ ಬರಬೇಕು, ಮತ್ತು ಒತ್ತಿದ ಜಾಗದ ನೇರ ಕೆಳಗೆ ಆಸರೆ ಇರಬೇಕು. ಅದೃಷ್ಟಕ್ಕೆ ಮಡಚುವ ಚಾಕುವಿನ ಪ್ರತಿಯೊಂದು ಭಾಗದಲ್ಲೂ ತೂತುಗಳು ಇದ್ದೇ ಇರುತ್ತವೆ: ಅಲಗು ತಿರುಗುವ ಪಿವಟ್ ತೂತು, ಹಿಂಬದಿಯ ರಿವೆಟ್ ತೂತು. ಆ ತೂತುಗಳನ್ನು ಮೊದಲು ಮಾಡಿ, ಅವುಗಳಿಂದಲೇ ಜಾಬನ್ನು ಕೂರಿಸಿ, ಅವುಗಳ ಮೂಲಕವೇ ಬಿಗಿದು, ಹೊರ ಆಕಾರವನ್ನು ಕೊನೆಗೆ ಒಂದೇ ಸುತ್ತಿನಲ್ಲಿ ಕತ್ತರಿಸುವುದು ನಮ್ಮೆಲ್ಲರ ಒಮ್ಮತದ ಸಲಹೆ.

ಮೊದಲ ಹಂತಕ್ಕೆ ವಿಶೇಷ ಫಿಕ್ಸ್ಚರ್ ಬೇಕಾಗಿಲ್ಲ. ತಗಡಿನ ಪಟ್ಟಿಯನ್ನು ಸಮತಟ್ಟಾದ ಪ್ಲೇಟಿನ ಮೇಲೆ ಅಂಚುಗಳಲ್ಲಿ ಸ್ಟ್ರಾಪ್ ಕ್ಲಾಂಪ್ ಹಾಕಿ ಹಿಡಿದು, ಡ್ರಿಲ್ ಮಾಡಿ, ತೂತನ್ನು ನಿಖರ ಅಳತೆಗೆ ತರುವ ರೀಮರ್ ಹಾಕಿ, ಅಂಚಿನಲ್ಲಿ ಉಳಿದ ಚೂಪು ಉಬ್ಬನ್ನು (ಬರ್) ತೆಗೆದರೆ ಮುಗಿಯಿತು.

ಎರಡನೆಯ ಹಂತವೇ ನಿಜವಾದ ಫಿಕ್ಸ್ಚರ್. ಪಿವಟ್ ತೂತು 5 ಮಿ.ಮೀ. ಇದೆ ಎಂದುಕೊಳ್ಳೋಣ. ರೀಮರ್ ಹಾಕಿದ ಎಚ್7 (ಅಳತೆಯ ನಿಖರತೆಯ ಪ್ರಮಾಣಿತ ದರ್ಜೆ) ತೂತು 5.000ರಿಂದ 5.012 ಮಿ.ಮೀ.ವರೆಗೆ ಬರುತ್ತದೆ. ತಳದ ಪ್ಲೇಟಿನಲ್ಲಿ 4.99 ಮಿ.ಮೀ. ವ್ಯಾಸದ, ಕೇವಲ 1 ಮಿ.ಮೀ. ಎತ್ತರದ ಒಂದು ಗುಬ್ಬಿ (ತೂತಿನೊಳಗೆ ಕೂರುವ ದುಂಡನೆಯ ಗಿಡ್ಡ ಪಿನ್) ನಿಲ್ಲಿಸಿ, ಅದರ ನಡುವೆ 3 ಮಿ.ಮೀ. ಬೋಲ್ಟು ಹಿಡಿಸುವಂತೆ ಎಂ3 ಟ್ಯಾಪ್ ಹೊಡೆಯಿರಿ. ತಟ್ಟೆಯ ದಪ್ಪ 1.5 ಮಿ.ಮೀ. ಆದ್ದರಿಂದ ಗುಬ್ಬಿಯ ತಲೆ ತಟ್ಟೆಗಿಂತ ಅರ್ಧ ಮಿ.ಮೀ. ಕೆಳಗೇ ಉಳಿಯುತ್ತದೆ, ಮೇಲಿನಿಂದ ಬಿಗಿದಾಗ ಒತ್ತಡವೆಲ್ಲ ತಟ್ಟೆಯ ಮೇಲೆಯೇ ಬೀಳುತ್ತದೆ. ಗುಬ್ಬಿ ಕೂದಲೆಳೆಯಷ್ಟು ಎತ್ತರವಾಗಿ ಮೇಲೆ ಚಾಚಿದರೂ ಬೋಲ್ಟು ಗುಬ್ಬಿಯನ್ನೇ ಬಿಗಿಯುತ್ತದೆ. ಕೈಗೆ ಗಟ್ಟಿಯಾಗಿ ಹತ್ತಿದಂತೆ ಅನಿಸಿದರೂ ಜಾಬ್ ಮಾತ್ರ ಸಡಿಲವಾಗಿಯೇ ಇರುತ್ತದೆ. ಕಟರ್ ಎತ್ತಿಕೊಂಡು ಹೋಗುವ ದೂರುಗಳಲ್ಲಿ ಹಲವಕ್ಕೆ ಇದೇ ಕಾರಣವೆಂದು ನನ್ನ ಅನಿಸಿಕೆ.

ಇನ್ನೊಂದು ತೂತಿಗೂ ಪೂರ್ಣ ದುಂಡನೆಯ ಪಿನ್ ಹಾಕಬೇಡಿ. ಎರಡು ತೂತುಗಳ ನಡುವಿನ ಅಂತರ ಪ್ರತಿ ತಟ್ಟೆಯಲ್ಲೂ ಸ್ವಲ್ಪ ಬದಲಾಗುತ್ತದೆ, ಆಗ ತಟ್ಟೆ ಕೂರುವುದಿಲ್ಲ, ಅಥವಾ ಸುತ್ತಿಗೆಯಿಂದ ತಟ್ಟಿ ಕೂರಿಸುವ ಆಸೆ ಹುಟ್ಟುತ್ತದೆ. ಎರಡನೆಯ ಪಿನ್ನಿನ ಎರಡು ಬದಿಗಳನ್ನು ಉಜ್ಜಿ ಡೈಮಂಡ್ ಪಿನ್ ಮಾಡಿಕೊಳ್ಳಿ. ಉಜ್ಜಿದ ಬದಿಗಳು ಮೊದಲ ಪಿನ್ನಿನತ್ತ (ಅಂದರೆ ಗುಬ್ಬಿಯತ್ತ) ಮತ್ತು ಅದರ ವಿರುದ್ಧ ದಿಕ್ಕಿಗೆ ಇರಬೇಕು, ಅಳತೆ ಉಳಿದ ಬದಿಗಳು ಅಡ್ಡಕ್ಕೆ ನಿಂತು ತಟ್ಟೆ ತಿರುಗದಂತೆ ತಡೆಯಬೇಕು. ಟೂಲ್‌ರೂಮ್ ತರಬೇತಿ ಪಡೆದವರಿಗೆ 3-2-1 ನಿಯಮ ಬಾಯಿಪಾಠವಾಗಿರುತ್ತದೆ: ತಳಕ್ಕೆ ಮೂರು, ಉದ್ದಕ್ಕೆ ಎರಡು, ಅಡ್ಡಕ್ಕೆ ಒಂದು ಆಸರೆ ಬಿಂದು. ತಳದ ಸಮತಲವು ಆ ಮೂರು ಬಿಂದುಗಳ ಕೆಲಸ ಮಾಡಿದರೆ, ಒಂದು ದುಂಡನೆಯ ಪಿನ್ನು ಮತ್ತು ಒಂದು ಡೈಮಂಡ್ ಪಿನ್ನು ಸೇರಿ ಉಳಿದ ಮೂರರ ಕೆಲಸ ಮಾಡುತ್ತವೆ. ಅದಕ್ಕಿಂತ ಹೆಚ್ಚು ಹಿಡಿತ ಕೊಟ್ಟರೆ ಅದು ಜಗ್ಗಾಟವಾಗುತ್ತದೆ.

ಬಿಗಿಯಲು ಬರೀ ವಾಷರ್ ಸಾಲದು, ಏಕೆಂದರೆ ತಟ್ಟೆಯ ತುದಿಗಳು ಕಟರ್‌ನ ಹೊಡೆತಕ್ಕೆ ಕಂಪಿಸಿ ಅಂಚಿನಲ್ಲಿ ಗೆರೆಗಳು ಮೂಡುತ್ತವೆ. ಲೈನರ್‌ನ ಆಕಾರದ್ದೇ, ಆದರೆ ಸುತ್ತಲೂ 1 ಮಿ.ಮೀ. ಒಳಗೆ ಸರಿದ, 10 ಮಿ.ಮೀ. ದಪ್ಪದ ಒಂದು ಒತ್ತುತಟ್ಟೆಯನ್ನು ಮೇಲೆ ಕೂರಿಸಿ, ಎರಡೂ ತೂತುಗಳ ಮೂಲಕ ಬೋಲ್ಟ್ ಹಾಕಿರಿ. ರಿವೆಟ್ ತೂತು ಸಣ್ಣದಾಗಿ ಬೋಲ್ಟ್ ಹಿಡಿಸದಿದ್ದರೆ ಆ ಕಡೆ ಹಿಡಿಕೆ ಮಗುಚಿದರೆ ಬಿಗಿಯುವ ಒಂದು ಟಾಗಲ್ ಕ್ಲಾಂಪ್ ಒತ್ತುತಟ್ಟೆಯನ್ನು ಒತ್ತಲಿ. ಬೇಲೂರಿನ ಸಹೋದ್ಯೋಗಿಯೊಬ್ಬರು ಹೀಗೆಯೇ ನಾಲ್ಕು ಲೈನರ್‌ಗಳನ್ನು ಒಂದರ ಮೇಲೊಂದು ಇಟ್ಟು ಒಮ್ಮೆಗೇ ಕತ್ತರಿಸುತ್ತಾರೆ, ಗುಬ್ಬಿಯನ್ನು ಅಷ್ಟಕ್ಕೆ ತಕ್ಕಂತೆ ಎತ್ತರಿಸಿಕೊಂಡು. ತೂತಿನ ಬರ್ ಪೂರ್ತಿ ತೆಗೆದಿದ್ದರೆ ಮಾತ್ರ ಇದು ನಡೆಯುತ್ತದೆ, ಇಲ್ಲವಾದರೆ ತಟ್ಟೆಗಳ ನಡುವೆ ಸಂದು ಉಳಿದು ಕಂಪನ ಇನ್ನೂ ಹೆಚ್ಚುತ್ತದೆ. ತಳದ ಪ್ಲೇಟಿನಲ್ಲಿ ಹೊರರೇಖೆಯ ಗುಂಟ ಕಟರ್‌ಗಿಂತ ಸ್ವಲ್ಪ ಅಗಲದ ಕಾಲುವೆಯನ್ನೂ ತೆಗೆಯಿರಿ. ಕಟರ್‌ನ ತುದಿ ತಟ್ಟೆಗಿಂತ ತುಸು ಕೆಳಗೆ ಇಳಿಯಲು ಜಾಗ ಸಿಗುತ್ತದೆ, ಚಿಪ್ಸ್ ಕೂಲಂಟ್ ಜೊತೆ ಹರಿದು ಹೋಗುತ್ತದೆ, ಅಂಚಿನ ಬರ್‌ಗೂ ಎಡೆ ಉಳಿಯುತ್ತದೆ.

ಎಡ ಮತ್ತು ಬಲ ಲೈನರ್‌ಗಳು ಒಂದಕ್ಕೊಂದು ಕನ್ನಡಿ ಬಿಂಬವಾಗಿದ್ದರೆ, ಒಂದು ಬದಿಗೆ ಸರಿದ ಮೂರನೆಯ ಸಣ್ಣ ಪಿನ್ನನ್ನು ನಿಲ್ಲಿಸಿ, ತಿರುವುಮುರುವಾಗಿ ಇಟ್ಟ ತಟ್ಟೆ ಕೂರಲೇ ಕೂಡದು ಎಂಬ ವ್ಯವಸ್ಥೆ ಮಾಡಿ. ಸಂಜೆಯ ಪಾಳಿಯಲ್ಲಿ ಹೊಸ ಹುಡುಗರು ಕೆಲಸ ಮಾಡುವಾಗ ಈ ಪಿನ್ನು ಬಹಳ ಸಾಮಾನನ್ನು ಉಳಿಸುತ್ತದೆ.

ತಳಕ್ಕೆ ಅಲ್ಯುಮಿನಿಯಮ್ಮೋ ಎಂ.ಎಸ್. (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಪ್ಲೇಟೋ ಎಂಬುದರಲ್ಲಿ ನಮ್ಮೊಳಗೇ ಒಮ್ಮತವಿಲ್ಲ. ಅಲ್ಯುಮಿನಿಯಮ್ಮನ್ನು ಬೇಗ ಕತ್ತರಿಸಬಹುದು, ಒಂದೆರಡು ಜಾಬ್‌ಗೆ ಅದು ಸಾಕು. ಆದರೆ ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ, ತಗಡಿನ ಛಾವಣಿಯ ಕೆಳಗೆ, ಬೆಳಗಿನಿಂದ ಮಧ್ಯಾಹ್ನದ ಹೊತ್ತಿಗೆ ಉಷ್ಣತೆ 15 ಡಿಗ್ರಿ ಏರಿತೆಂದರೆ 250 ಮಿ.ಮೀ. ಉದ್ದದ ಅಲ್ಯುಮಿನಿಯಂ ಪ್ಲೇಟು ಸುಮಾರು 0.09 ಮಿ.ಮೀ. ಹಿಗ್ಗುತ್ತದೆ, ಅಷ್ಟೇ ಉದ್ದದ ಉಕ್ಕು ಅದರ ಅರ್ಧದಷ್ಟು ಮಾತ್ರ. ಒಂದೇ ಪ್ಲೇಟಿನಲ್ಲಿ ಆರೆಂಟು ಜಾಬ್‌ಗಳನ್ನು ಸಾಲಾಗಿ ಕೂರಿಸಿ ಒಂದೇ ತುದಿಯನ್ನು ಸೊನ್ನೆಯಾಗಿಟ್ಟು ಎಲ್ಲ ಅಳತೆ ಹಿಡಿಯುವವರಿಗೆ ಇದು ಸಣ್ಣ ಸಂಗತಿಯಲ್ಲ. ನನ್ನ ಒಲವು ಎಂ.ಎಸ್. ತಳದ ಕಡೆಗೆ, ಗುಬ್ಬಿಗಳು ಮಾತ್ರ ಗಟ್ಟಿಗೊಳಿಸಿದ ಉಕ್ಕಿನವಾಗಿದ್ದು ಸವೆದಾಗ ಬದಲಿಸುವಂತಿರಲಿ.

ಹಿಡಿಕೆಯ ಮರದ ಅಥವಾ ಮೈಕಾರ್ಟಾದ (ಬಟ್ಟೆ ಅಥವಾ ಕಾಗದವನ್ನು ರಾಳದಲ್ಲಿ ಒತ್ತಿ ಮಾಡಿದ ಹಲಗೆ) ಹೊರತಟ್ಟೆಗಳಿಗೆ ಇಷ್ಟೆಲ್ಲ ಬೇಡ. ಜಾಬಿಗೂ ಪ್ಲೇಟಿಗೂ ಮಾಸ್ಕಿಂಗ್ ಟೇಪ್ ಅಂಟಿಸಿ, ಎರಡು ಟೇಪುಗಳ ನಡುವೆ ಸೂಪರ್ ಗ್ಲೂ ಹಾಕಿ ಒತ್ತಿದರೆ ಹಗುರವಾದ ಕತ್ತರಿಕೆಗೆ ಸಾಕಷ್ಟು ಹಿಡಿತ ಸಿಗುತ್ತದೆ.

ಅಲಗಿನ ಮಾತು ಬೇರೆ. ತೂತು ಮತ್ತು ಆಕಾರವನ್ನು ಲೋಹ ಮೆತ್ತಗಿರುವಾಗಲೇ ಮುಗಿಸಿದರೂ ಹೀಟ್ ಟ್ರೀಟ್‌ಮೆಂಟ್‌ನಲ್ಲಿ ಅದು ಸ್ವಲ್ಪ ತಿರುಚಿಕೊಳ್ಳುತ್ತದೆ. ಅಂಥ ಅಲಗನ್ನು ಮ್ಯಾಗ್ನೆಟಿಕ್ ಚಕ್ ಮೇಲಿಟ್ಟರೆ ಅಯಸ್ಕಾಂತ ಅದನ್ನು ಎಳೆದು ಸಮ ಮಾಡುತ್ತದೆ; ಉಜ್ಜಿ ಬಿಟ್ಟ ಕೂಡಲೇ ಮತ್ತೆ ಹಳೆಯ ಬಾಗುವಿಕೆಗೆ ಮರಳುತ್ತದೆ. ಸಂದು ಇರುವಲ್ಲಿ ತೆಳು ಶಿಮ್ (ತಗಡಿನ ಚೂರು) ಇಟ್ಟು, ಎಳೆತ ಕಡಿಮೆ ಮಾಡಿ, ಒಂದು ಬದಿಯನ್ನು ಹಗುರವಾಗಿ ಉಜ್ಜಿ, ಆಮೇಲೆ ಮಗುಚಿ. ಅಲಗಿನ ಒಂದೇ ಬದಿಗೆ ಇಳಿಜಾರು ಕೊಡುವ ಕಸಿ ಚಾಕುವಾದರೆ ನಿಮಗೆ ಅನುಕೂಲ: ಸಮತಟ್ಟಾದ ಬದಿ ಕೆಳಗಿರುವಂತೆ ಓರೆ ಪ್ಲೇಟಿನ ಮೇಲೆ ಪಿವಟ್ ಪಿನ್ನಿಗೆ ಕೂರಿಸಿದರೆ ಒಂದೇ ಫಿಕ್ಸ್ಚರ್ ಸಾಕಾಗುತ್ತದೆ. ಎಡಗೈಯವರಿಗೆ ಬೇರೆ ಚಾಕು ಬೇಕಾಗುವುದರಿಂದ ಓರೆ ಪ್ಲೇಟಿನಲ್ಲಿ ಇನ್ನೊಂದು ಪಿನ್ ಜಾಗವನ್ನು ಈಗಲೇ ಕೊರೆದಿಡಿ. ಪಿವಟ್ ತೂತಿನ ಅಳತೆಯಲ್ಲಿ ಮಾತ್ರ ರಾಜಿ ಬೇಡ, ಏಕೆಂದರೆ ಅಲಗು ಅಲ್ಲಾಡಿದರೆ ಆಪೂಸಿನ ಕಸಿಕಡ್ಡಿಯ ಮೇಲಿನ ಸೀಳು ನುಣುಪಾಗಿ ಬರುವುದಿಲ್ಲ, ಕಸಿ ಕೂಡುವುದಿಲ್ಲ.

ಫಿಕ್ಸ್ಚರ್ ಸಿದ್ಧವಾದ ಮೇಲೆ ಕಟರ್ ತಾಗಿಸುವ ಮೊದಲು ತಟ್ಟೆಯ ತೆರೆದ ಅಂಚಿನ ಮೇಲೆ ಡಯಲ್ (ಸಣ್ಣ ಸರಿತವನ್ನೂ ಮುಳ್ಳಿನಿಂದ ತೋರಿಸುವ ಮಾಪಕ) ಇಟ್ಟು ಬೋಲ್ಟ್ ಬಿಗಿಯಿರಿ. ಮುಳ್ಳು 0.02 ಮಿ.ಮೀ.ಗಿಂತ ಹೆಚ್ಚು ಸರಿದರೆ ಕೆಳಗೆ ಚಿಪ್ಸ್ ಸಿಕ್ಕಿರಬೇಕು ಅಥವಾ ಬರ್ ಉಳಿದಿರಬೇಕು. ಲೈನರ್‌ನ ಡ್ರಾಯಿಂಗ್ ಅನ್ನು, ಮುಖ್ಯವಾಗಿ ತೂತುಗಳಿಂದ ಅಂಚಿಗೆ ಇರುವ ಅಂತರಗಳನ್ನು ನಮೂದಿಸಿ ಕಳುಹಿಸಿದರೆ ಒತ್ತುತಟ್ಟೆಯ ಅಳತೆಯನ್ನು ನಾನೇ ಗುರುತಿಸಿ ಕೊಡುತ್ತೇನೆ.