ನರದೌರ್ಬಲ್ಯ, ನರಕ್ಷಯ, ನರಕೋಶ ಸವೆತ: ಯಾವುದನ್ನು ಬಳಸೋಣ?

ದಾವಣಗೆರೆಯಲ್ಲಿ ಪಾರ್ಕಿನ್ಸನ್ ರೋಗಿಗಳ ಮನೆಯವರಿಗಾಗಿ ಕಿರುಹೊತ್ತಿಗೆಯೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಕರುಳಿನ ಸೂಕ್ಷ್ಮಜೀವಿಗಳಿಗೂ ಮಿದುಳಿನ ಕಾಯಿಲೆಗಳಿಗೂ ಇರುವ ನಂಟು ಅದರಲ್ಲೊಂದು ಅಧ್ಯಾಯ. ಪಾರ್ಕಿನ್ಸನ್, ಆಲ್‌ಝೈಮರ್ ಮುಂತಾದವನ್ನು ಒಟ್ಟಾಗಿ ನ್ಯೂರೋಡಿಜೆನರೇಟಿವ್ (ನರಕೋಶಗಳು ನಿಧಾನವಾಗಿ ನಶಿಸುವ) ಕಾಯಿಲೆಗಳು ಎನ್ನುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಕರಡಿನಲ್ಲಿ ಒಬ್ಬರು "ನರದೌರ್ಬಲ್ಯ" ಎಂದು ಬರೆದಿದ್ದರು. ಹೊಡೆದುಹಾಕಿದೆ. ಗೋಡೆ ಜಾಹೀರಾತುಗಳು ಆ ಪದವನ್ನು ಗುಪ್ತರೋಗದ ಲೇಹ್ಯಕ್ಕೆ ಬರೆದುಕೊಟ್ಟು ಎಷ್ಟೋ ಕಾಲವಾಯಿತು. ಮಗಳು ಅಪ್ಪನಿಗೆ ಓದಿ ಹೇಳುವ ಪುಸ್ತಕದಲ್ಲಿ ಅದು ಬೇಡ. "ನರಕ್ಷಯ" ಅರ್ಥಕ್ಕೆ ಹತ್ತಿರ, ಆದರೆ ಕ್ಷಯ ಎಂದೊಡನೆ ಕೆಮ್ಮು, ಕಫದ ಪರೀಕ್ಷೆ, ಮನೆಮಂದಿಗೆ ಅಂಟೀತೆಂಬ ಅಂಜಿಕೆ. "ಅವನತಿ" ದುರ್ಗದ ಪಾಳೆಯಗಾರರ ಚರಿತ್ರೆಗೆ ಒಪ್ಪುವ ಮಾತು.

ನನಗೆ ಹಿಡಿಸಿರುವುದು "ನರಕೋಶ ಸವೆತ". ಚನ್ನಗಿರಿಯ ಅಡಿಕೆ ಬೆಳೆಗಾರರಿಂದ ಪಿ.ಜೆ. ಬಡಾವಣೆಯ ನಿವೃತ್ತ ಮೇಷ್ಟರವರೆಗೆ ಎಲ್ಲರೂ "ಮೂಳೆ ಸವೆದಿದೆ" ಎನ್ನುವವರೇ. ನಿಧಾನವಾಗಿ, ಮರಳಿ ಬಾರದಂತೆ ಆಗುವ ನಷ್ಟ ಎಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ. ತೊಡಕೂ ಅಲ್ಲೇ ಇದೆ: ಸವೆಯುವುದು ಬಳಸಿದ ವಸ್ತು. ಪಾರ್ಕಿನ್ಸನ್‌ನಲ್ಲಿ ಆಲ್ಫಾ-ಸಿನ್ಯೂಕ್ಲಿಯಿನ್ ಎಂಬ ಪ್ರೋಟೀನು ತಪ್ಪಾಗಿ ಮಡಚಿಕೊಂಡು ಗಂಟುಗಟ್ಟುತ್ತದೆ, ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಮಿದುಳಿನ ಕೋಶಗಳು ಸಾಯುತ್ತವೆ. ತಲೆಗೆ ಕೆಲಸ ಹೆಚ್ಚಾಗಿ ಸವೆಯಿತು, ಇನ್ನು ವಿಶ್ರಾಂತಿ ಕೊಡೋಣ ಎಂದುಕೊಂಡು ರೋಗಿಯನ್ನು ಮೂಲೆಯಲ್ಲಿ ಕೂರಿಸಿಬಿಟ್ಟರೆ? ವ್ಯಾಯಾಮ ಬೇಕಾದ ಕಾಯಿಲೆಯಿದು. "ನರಕೋಶ ನಾಶ" ಹೆಚ್ಚು ನಿಖರ, ಆದರೆ ರಾತ್ರೋರಾತ್ರಿ ಆದಂತೆ ಕೇಳಿಸುತ್ತದೆ.

ಎರಡನೆಯ ಪದ ಇನ್ನೂ ಇಕ್ಕಟ್ಟಿನದು. ಆರೋಗ್ಯವಂತರ ಮಲವನ್ನು ಸಂಸ್ಕರಿಸಿ, ಅದರಲ್ಲಿರುವ ಸೂಕ್ಷ್ಮಜೀವಿಗಳನ್ನು ರೋಗಿಯ ಕರುಳಿಗೆ ಸೇರಿಸುವ ವಿಧಾನವಿದೆ; ಇಂಗ್ಲಿಷಿನಲ್ಲಿ ಫೀಕಲ್ ಮೈಕ್ರೋಬಯೋಟಾ ಟ್ರಾನ್ಸ್‌ಪ್ಲಾಂಟ್ ಎನ್ನುತ್ತಾರೆ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ, ಭೇದಿ ತರುವ ಬ್ಯಾಕ್ಟೀರಿಯಾದ ಮತ್ತೆ ಮತ್ತೆ ಮರುಕಳಿಸುವ ಸೋಂಕನ್ನು ತಡೆಯಲು ಇಂಥ ಉತ್ಪನ್ನವೊಂದಕ್ಕೆ ಅಮೆರಿಕ 2022ರಲ್ಲಿ ಅನುಮತಿ ಕೊಟ್ಟಿತು. ಪಾರ್ಕಿನ್ಸನ್‌ಗೆ ಇದು ಇನ್ನೂ ಪ್ರಯೋಗವೇ. 2024ರಲ್ಲಿ ಪ್ರಕಟವಾದ ಬೆಲ್ಜಿಯಂನ ಪ್ರಯೋಗದಲ್ಲಿ ವರ್ಷದ ಬಳಿಕ ಚಲನೆಯ ತೊಂದರೆ ತುಸು ತಗ್ಗಿತ್ತು. ಅದೇ ವರ್ಷದ ಫಿನ್ಲೆಂಡ್‌ನ ಪ್ರಯೋಗದಲ್ಲಿ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

"ಮಲ ಕಸಿ" ಎಂದರೆ ಓದುಗರು ಮೂಗು ಮುಚ್ಚಿಕೊಳ್ಳುತ್ತಾರೆ, "ಕರುಳಿನ ಜೀವಾಣು ಕಸಿ" ಎನ್ನೋಣ ಎಂಬುದು ತಂಡದ ಹಿರಿಯರ ಸಲಹೆ. ನಾನು ಒಪ್ಪುವುದಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರಿಗೆ ಒಳಗೆ ಏನು ಹೋಗುತ್ತಿದೆ ಎಂಬುದು ತಿಳಿದಿರಬೇಕು. ನನ್ನ ತಕರಾರು "ಕಸಿ"ಯ ಮೇಲೆ. ಮಾವಿನ ಕಸಿಯಾಗಲಿ ಮೂತ್ರಪಿಂಡದ ಕಸಿಯಾಗಲಿ, ಇಡೀ ಭಾಗವನ್ನು ತಂದು ಜೋಡಿಸುವುದು. ಇಲ್ಲಿ ನಡೆಯುವುದು ಹಾಲಿಗೆ ಹೆಪ್ಪು ಹಾಕುವ ಬಗೆಯ ಕೆಲಸ: ಸೇರಿಸಿದ್ದು ಬೆಳೆದು ಹಬ್ಬಬೇಕು, ಹಿಡಿಯದೆಯೂ ಹೋಗಬಹುದು. ಹೆಪ್ಪು ಎಂದೇ ಬರೆದರೆ ಮೊಸರು ತಿನ್ನುವವರ ಶಾಪ ತಟ್ಟೀತು. "ಮಲಜೀವಾಣು ಬಿತ್ತನೆ" ಹೇಗೆ?

ಇನ್ನೊಂದು ಸಣ್ಣ ವಿಷಯ. "ಕಂಪವಾತ"ವನ್ನು ಪಾರ್ಕಿನ್ಸನ್‌ಗೆ ನೇರವಾಗಿ ಬಳಸುವವರಿದ್ದಾರೆ. ಎಲ್ಲ ರೋಗಿಗಳಿಗೂ ನಡುಕ ಇರುವುದಿಲ್ಲವಾದ್ದರಿಂದ ಹಿಂಜರಿಯುತ್ತಿದ್ದೇನೆ. ಹಿರಿಯೂರು, ಚಳ್ಳಕೆರೆ ಕಡೆಯ ಮನೆಮಾತಿನಲ್ಲಿ ಬೇರೆ ಹೆಸರಿದ್ದರೆ ದಯವಿಟ್ಟು ತಿಳಿಸಿ. ಕರಡು ಇನ್ನೂ ಅಚ್ಚಿಗೆ ಹೋಗಿಲ್ಲ.